ನೀರು ಕಾಣದ ಬಲೆ

"ಏ ಮುದುಕಿ, ಕ್ಯಾಮೆರಾ ನೋಡ್ಬೇಡ ಅಂತ ಎಷ್ಟು ಸಲ ಬಡ್ಕೋಬೇಕು ನಿನಗೆ? ಬಲೆ ನೋಡು, ಬಲೆ!"

ಹೋಟೆಲಿನ ಮ್ಯಾನೇಜರ್ ಗುಡಿಸಲೊಳಗೆ ತಲೆ ತೂರಿಸಿ ಕಿರುಚಿ ಹೋದ. ಅತ್ತೆ ತಲೆ ತಗ್ಗಿಸಿ ಹರಿದ ಬಲೆಗೆ ನೂಲು ಹಾಕಿದಳು.

ಗುಡಿಸಲು ನಮ್ಮದೇ. ನಾನು ಸೊಸೆಯಾಗಿ ಕಾಲಿಟ್ಟದ್ದು ಇಲ್ಲಿಗೇ. ದಂಡೆಗೆ ಹೋಟೆಲು ಬಂದಾಗ ಕೇರಿಯನ್ನೆಲ್ಲ ಕೆಡವಿ, ನೋಡೋಕೆ ಚೆನ್ನಾಗಿದೆ ಅಂತ ಇದೊಂದನ್ನು ಉಳಿಸಿಕೊಂಡು, ಮುಂದೆ 'ಮೀನುಗಾರರ ಬದುಕು' ಎಂದು ಬೋರ್ಡು ನೆಟ್ಟರು. ನಾವು ಗುಡ್ಡದ ಹಿಂದಿನ ತಗಡಿನ ಶೆಡ್ಡಿಗೆ ಹೋದೆವು. ಬೆಳಗಾದರೆ ಕಸದ ತೊಟ್ಟಿಯ ಪಕ್ಕದ ಹಿಂದಿನ ಗೇಟಿನಿಂದ ಒಳಗೆ ಬಂದು, ಚಪ್ಪಲಿ ಬಿಟ್ಟು, ಹೋಟೆಲಿನವರು ಕೊಟ್ಟ ಒರಟು ಸೀರೆ ಸುತ್ತಿಕೊಂಡು, ನಮ್ಮ ಮನೆಯಲ್ಲೇ ಬದುಕುವವರ ಹಾಗೆ ಕೂರಬೇಕು. ಬಸ್ಸಿನಲ್ಲಿ ಬರುವವರಿಗೆ ಮೊದಲು ಜಲಪಾತ, ಆಮೇಲೆ ಗುಹೆ, ಆಮೇಲೆ ಆಮೆ ಮೊಟ್ಟೆಯಿಡುವ ಜಾಗ, ಕೊನೆಗೆ ನಾವು.

ಒಲೆಯಲ್ಲಿ ಹೊಗೆ ಬರಬೇಕು, ಅನ್ನ ಬೇಯಬಾರದು. ನಾನು ಮೀನು ಹೆಚ್ಚಬೇಕು, ಅತ್ತೆ ಬಲೆ ಹೊಲಿಯಬೇಕು. ಕಡಲಿಗೇ ಇಳಿಯದ ಬಲೆ ಹರಿಯುವುದಾದರೂ ಎಲ್ಲಿಂದ? ಅದಕ್ಕೇ ಸಂಜೆ ವಾಚ್‌ಮನ್ ಬಂದು ಚಾಕುವಿನಿಂದ ಅದನ್ನು ಹರಿದು ಹೋಗುತ್ತಿದ್ದ. ಅವನೂ ನಮ್ಮ ಕೇರಿಯವನೇ.

"ಲೋ, ಹಂದಿ ನುಗ್ಗಿದ ಹಾಗೆ ಹರಿದಿದ್ದೀಯಲ್ಲೋ! ಮೀನು ಕಚ್ಚಿದ ಹಾಗೆ ಹರಿಯೋಕೇನು ರೋಗ ನಿನಗೆ?" ಎಂದು ಅತ್ತೆ ಬೈಯುತ್ತಿದ್ದಳು.

"ಮೀನಿನ ಹಲ್ಲು ಎಲ್ಲಿಂದ ತರ್ಲಿ ಅಜ್ಜಿ? ಚಾಕು ತಾನೇ ಕೊಟ್ಟಿರೋದು."

ಮ್ಯಾನೇಜರ್ ಹಾಗೆ ಕಿರುಚಿ ಹೋದ ದಿನ ಬೆಳಗ್ಗೆಯೇ ಅತ್ತೆ ಎದೆ ಒತ್ತಿಕೊಂಡಿದ್ದಳು. ನಾನು ಆಫೀಸಿನ ಬಾಗಿಲಿಗೆ ಹೋಗಿ ನಿಂತೆ.

"ಸಾರ್, ಅತ್ತೆಗೆ ಎದೆ ಹಿಂಡ್ತಿದೆಯಂತೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

"ಇವತ್ತಾ? ಇಲಾಖೆಯ ದೊಡ್ಡ ಸಾಹೇಬ್ರು ಹೆಂಡ್ತಿ ಜೊತೆ ಬರ್ತಿದಾರೆ. ಮುದುಕಿ ಇಲ್ದೆ ಗುಡಿಸಲಲ್ಲಿ ಏನು ನೋಡ್ತಾರೆ? ನಿನ್ನ ಮುಸುಡೀನಾ? ನೆಟ್ಟಗೆ ಒಂದು ಸುಕ್ಕಾದ್ರೂ ಇದೆಯಾ ನಿನಗೆ? ಅವರು ಹೋದ್ಮೇಲೆ ಸಾಯ್ಲಿ. ಈಗ ಎದ್ದು ಹೋದ್ರೆ ನಾಳೆಯಿಂದ ಇಬ್ರೂ ಬರ್ಬೇಡಿ."

ಅತ್ತೆಗೆ ಹೇಳಿದೆ. "ಅವನ ಬಾಯಿಗೆ ಮಣ್ಣು ಬೀಳ. ಹೋಗ್ಲಿ ಬಿಡೇ, ಕೂತ್ಕೊಂಡೇ ತಾನೇ ಇರೋದು," ಎಂದಳು. ಸ್ವಲ್ಪ ಹೊತ್ತು ಬಿಟ್ಟು ಬಲೆಯನ್ನು ಮಡಿಲಿಗೆ ಎಳೆದುಕೊಂಡಳು. "ಇಷ್ಟು ವರ್ಷ ಹೊಲಿದೆ, ಒಂದು ಏಡಿನೂ ಹಿಡೀಲಿಲ್ವಲ್ಲೇ ಇದು. ಒಂದ್ಸಲ ಇದನ್ನ ನೀರಿಗೆ ಬಿಡ್ಬೇಕು ಕಣೇ. ಒಂದೇ ಸಲ."

ಸಾಹೇಬರ ಜೊತೆ ಬಸ್ಸಿನ ತುಂಬ ಜನ ಬಂದರು. ಸಾಹೇಬರ ಹೆಂಡತಿ ಬಗ್ಗಿ ನೋಡುತ್ತಿರುವಾಗಲೇ ಅತ್ತೆಯ ಕೈ ನಿಂತಿತು. ತಲೆ ಕಂಬಕ್ಕೆ ಒರಗಿತು.

"ಅಯ್ಯೋ, ಎಷ್ಟು ನೆಮ್ಮದಿಯಾಗಿ ನಿದ್ದೆ ಹೋಗಿದಾರೆ ನೋಡ್ರೀ!" ಎನ್ನುತ್ತ ಆಕೆ ಪಕ್ಕದಲ್ಲಿ ಕೂತು, ಅತ್ತೆಯ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡಳು.

ಆಕೆ ಎದ್ದ ಮೇಲೆ ಅತ್ತೆಯ ಮೂಗಿಗೆ ಬೆರಳು ಹಿಡಿದೆ. ಉಸಿರಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರನ ಕೈ ನನ್ನ ತೋಳು ಹಿಂಡಿತು.

"ಉಸಿರು ಬಿಟ್ಟೀಯಾ ಜೋಕೆ," ಎಂದು ಕಿವಿಯಲ್ಲಿ ಹೇಳಿದ. "ಇವರು ಉಂಡು ಬಸ್ ಹತ್ತೋವರೆಗೂ ಅವಳು ಮಲಗಿದಾಳೆ, ಅಷ್ಟೇ. ಆಮೇಲೆ ಕೊಳೆ ಬಟ್ಟೆ ಒಯ್ಯೋ ಗಾಡೀಲಿ ಹಾಕ್ಕೊಂಡು ಹಿಂದಿನ ಗೇಟಿಂದ ತೊಲಗು." ಆಮೇಲೆ ಅತ್ತ ತಿರುಗಿ ನಕ್ಕ. "ವಯಸ್ಸಾಯ್ತಲ್ಲ ಮೇಡಂ, ಹೀಗೇ ತೂಕಡಿಸ್ತಾರೆ."

ನಾನು ಮೀನು ಹೆಚ್ಚಿದೆ. ಇನ್ನೊಂದು ಗುಂಪು ಬಂತು, ಹೆಚ್ಚಿದೆ. ಮೀನಿನ ಮೇಲಿದ್ದ ನೊಣವೊಂದು ಎದ್ದು ಅತ್ತೆಯ ತುಟಿಯ ಮೇಲೆ ಕೂತಿತು. "ಓಡಿಸ್ಬೇಡ, ಓಡಿಸ್ಬೇಡ, ಹಾಗೇ ಇರ್ಲಿ," ಎಂದ ಕ್ಯಾಮೆರಾದವನೊಬ್ಬ.

ಎಲ್ಲರೂ ಊಟಕ್ಕೆ ಹೋದ ಮೇಲೆ ವಾಚ್‌ಮನ್ ಇಣುಕಿದ. ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ, ಟೋಪಿ ತೆಗೆದ.

"ಹಿಂದಿನ ಗೇಟಿಗಾ ಅಕ್ಕ?"

"ನಿನ್ನ ಗೇಟಿಗಿಷ್ಟು ಬೆಂಕಿ ಹಾಕ. ಕಾಲು ಹಿಡ್ಕೊಳ್ಳೋ. ಸಮುದ್ರ ಯಾವ ಕಡೆ ಇದೆಯೋ ಆ ಕಡೆ."

ಮುಖಕ್ಕೆ ಸೆರಗು ಮುಚ್ಚಿ, ಅವಳನ್ನು ಅವಳ ಬಲೆಯಲ್ಲೇ ಸುತ್ತಿ ಎತ್ತಿಕೊಂಡೆವು. ಮೀನಿನ ಬುಟ್ಟಿಯಷ್ಟೂ ಭಾರವಿರಲಿಲ್ಲ. ಗುಡಿಸಲಿಗೂ ಕಡಲಿಗೂ ನಡುವೆ ಬಣ್ಣದ ಕೊಡೆಗಳು, ಬಿಳಿ ಬಟ್ಟೆ ಹಾಸಿದ ಮೇಜುಗಳು. ನಾವು ಅವುಗಳ ನಡುವೆಯೇ ನಡೆದೆವು. ಜನ ಚಮಚ ಕೆಳಗಿಟ್ಟರು. ಇದೂ ಒಂದು ಕಾರ್ಯಕ್ರಮ ಅಂದುಕೊಂಡು ಒಬ್ಬ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು.

ಮ್ಯಾನೇಜರ್ ಓಡಿ ಬಂದ. ಅಷ್ಟು ಜನರ ಮುಂದೆ ಕೂಗುವ ಹಾಗಿಲ್ಲ. ಹಲ್ಲು ಕಿಸಿದುಕೊಂಡೇ, "ನಿಲ್ಲೇ ಬೋಳಿ, ನಿಲ್ಲೇ," ಎನ್ನುತ್ತ ಪಕ್ಕದಲ್ಲೇ ಬಂದ. ನೀರಂಚಿಗೆ ಅವನ ಬೂಟು ನಿಂತಿತು. ನಾವು ನಿಲ್ಲಲಿಲ್ಲ.

ಮೊಣಕಾಲುದ್ದ ನೀರಿನಲ್ಲಿ ಬಲೆಯನ್ನು ಇಳಿಸಿದೆವು. ನೂಲು ನೆನೆಯಿತು. ಅಲೆಯೊಂದು ಬಂದು ಸೆರಗನ್ನು ಎಳೆದುಕೊಂಡು ಹೋಯಿತು. ಬಾಯಿ ಅರೆತೆರೆದ ಮುಖ ದಂಡೆಯ ಕಡೆಗೇ ತಿರುಗಿತ್ತು. ಮುಂದಿನ ಮೇಜುಗಳಲ್ಲಿ ಚಪ್ಪಾಳೆ ನಿಂತಿತು. ಸಾಹೇಬರ ಹೆಂಡತಿ ತನ್ನ ಕೈಯನ್ನು ಸೀರೆಗೆ ಉಜ್ಜಿಕೊಳ್ಳತೊಡಗಿದಳು. ಮ್ಯಾನೇಜರ್ ಒಮ್ಮೆ ಜನರನ್ನು, ಒಮ್ಮೆ ಎತ್ತಿ ಹಿಡಿದ ಫೋನುಗಳನ್ನು ನೋಡುತ್ತ ನಿಂತ.

"ಅತ್ತ ಯಾಕೆ ನೋಡ್ತೀಯೋ?" ಎಂದೆ. "ಕ್ಯಾಮೆರಾ ನೋಡ್ಬೇಡ. ಬಲೆ ನೋಡು."

ಹಿಂದಿನ ಸಾಲಿನವರಿಗೆ ಏನೂ ಕಾಣುತ್ತಿರಲಿಲ್ಲ. ಅವರು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು.