ಹುಣಸೆಹಣ್ಣು ಹಚ್ಚಿದ ಕಲ್ಲು

ರೇಣವ್ವನ ಬಳಿ ತಾಯಿಯ ಒಂದು ಫೋಟೊ ಕೂಡ ಇರಲಿಲ್ಲ. ತಾಂಬಾ ಊರಿನ ಹೊಲದಲ್ಲಿ, ತಾಯಿಯ ಸಮಾಧಿಯ ಫರಸಿಕಲ್ಲಿನ ಚಪ್ಪಡಿಯ ಮೇಲೆ ಕೊರೆದ ಹೆಸರೊಂದೇ ಇತ್ತು: ಕಸ್ತೂರಿಬಾಯಿ. ಪ್ರತಿ ಅಮಾವಾಸ್ಯೆಗೆ ಸಿಂದಗಿಯಿಂದ ಬಂದು, ತಾಮ್ರದ ಕೊಡ ಬೆಳಗಲು ತಾಯಿಯೇ ಕಲಿಸಿದಂತೆ ಹುಣಸೆಹಣ್ಣು ಹಚ್ಚಿ ಆ ಕಲ್ಲನ್ನು ತಿಕ್ಕುತ್ತಿದ್ದಳು. ಆಮೇಲೆ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕೂರುತ್ತಿದ್ದಳು. ಈಗ ಬೆರಳು ಸುಮ್ಮನೆ ಜಾರುತ್ತಿತ್ತು.

ಅವಳು ಕರೆತಂದ ಕಲ್ಲುಕುಟಿಗ ಚಂದ್ರಾಮ ಕಲ್ಲನ್ನು ಸವರಿ ನೋಡಿದ.

“ಬಿಸಲಿಗೆ ಅಂಚು ಸೀಳ್ಯಾವು, ಅದಿರಲಿ. ಇದು ಸುಣ್ಣದ ಕಲ್ಲು, ಯಕ್ಕಾ. ಹುಳಿ ಬಿದ್ದರ ಕರಗತೈತಿ. ಎಷ್ಟ ವರ್ಷ ತಿಕ್ಕೀರಿ?”

“ಹದಿನೆಂಟು.”

“ಮಳಿ ನೂರು ವರ್ಷಕ್ಕ ಮಾಡೂ ಕೆಲಸ ನೀವ ಮುಗಿಸೀರಿ ಬಿಡ್ರಿ. ಹೊಸದಾಗಿ ಕೊರೀಲೇನು?”

“ಬ್ಯಾಡಪಾ. ಉಳದದ್ದಾದ್ರೂ ಇರಲಿ.”

ರೇಣವ್ವ ಸೆರಗಿನಿಂದ ಕಲ್ಲನ್ನು ಒರೆಸಿದಳು. ಐದು ಅಕ್ಷರಗಳಲ್ಲಿ ನಾಲ್ಕು ಹೋಗಿದ್ದವು.