ಒಂದು ‘ಇನ್’ ಮಾಡಿದ ಎಡವಟ್ಟು

ಕುರ್ಚಿ ಮೇಜು ತಯಾರಿಸುವ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ ಆಕೆಗೆ ನಲವತ್ತೆರಡನೆಯ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯುವ ಹುಚ್ಚು ಹತ್ತಿತು. ಬಂದ ಸರಕಿನ ಹೆಸರು ಓದಿಸಲು ದಿನಾ ಯಾರನ್ನಾದರೂ ಕರೆಯುವುದು ಅವಳಿಗೆ ಸಾಕಾಗಿತ್ತು. ಗುರು ಮನೆಯಲ್ಲೇ ಇದ್ದಳು. ಗಂಡನ ತಂಗಿ, ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ದಿನಕ್ಕೆ ಐದು ಪದ, ತರಕಾರಿ ಹೆಚ್ಚುತ್ತ ಪಾಠ.

“ನೈಫ್ ಅನ್ನಿ ಅತ್ತಿಗೆ. ಮೊದಲಿರೋ ‘ಕೆ’ ಬಾಯಿ ಬಿಡಲ್ಲ.”

“ಬಾಯಿ ಬಿಡದೋನು ಸಾಲಲ್ಲಿ ಮುಂದೆ ಯಾಕೆ ನಿಂತಿದಾನೆ?”

ಒಂದು ಸಂಜೆ ನಾದಿನಿ ಹೊಸ ಗುಟ್ಟು ಹೇಳಿಕೊಟ್ಟಳು. ಪದದ ಮುಂದೆ ‘ಇನ್’ ಸೇರಿಸಿದರೆ ಅರ್ಥ ಉಲ್ಟಾ. ಕರೆಕ್ಟ್ ಅಂದರೆ ಸರಿ, ಇನ್‌ಕರೆಕ್ಟ್ ಅಂದರೆ ತಪ್ಪು. ಒಂದು ಪದ ಕಲಿತರೆ ಎರಡು ಸಿಕ್ಕಿತಲ್ಲ ಎಂದು ಅತ್ತಿಗೆ ಹಿಗ್ಗಿದಳು.

ಮರುದಿನ ಬೆಳಿಗ್ಗೆ ಮರಕ್ಕೆ ಹಚ್ಚುವ ಹೊಸ ಪಾಲಿಶ್‌ನ ನಾಲ್ಕು ಡ್ರಮ್ ಬಂದಿಳಿದವು. ಎಚ್ಚರಿಕೆಯ ಚಿತ್ರವಿದ್ದ ಚೀಟಿ ದಾರಿಯಲ್ಲೇ ಹರಿದುಹೋಗಿ, ದಪ್ಪಕ್ಷರದ ಒಂದೇ ಪದ ಉಳಿದಿತ್ತು. ಆಕೆ ಅಕ್ಷರ ಕೂಡಿಸಿ ಓದಿದಳು. ನಡುವೆ ‘ಫ್ಲೇಮ್’ನಂಥದ್ದು ಕಂಡಿತು. ಅದು ಗೊತ್ತು, ಬೆಂಕಿಯ ಜ್ವಾಲೆ. ಮುಂದೆ ‘ಇನ್’ ಇದೆ. ಅಂದರೆ ಬೆಂಕಿ ಹತ್ತುವುದಿಲ್ಲ!

“ಎಲ್ಲಿಡ್ಲಿ ತಂಗಿ? ಒಳಗೆ ಜಾಗ ಇಲ್ಲ” ಎಂದ, ಕಬ್ಬಿಣದ ಕಾಲುಗಳಿಗೆ ವೆಲ್ಡಿಂಗ್ ಮಾಡುವ ಹಿರಿಯ.

“ನಿಮ್ಮ ಶೆಡ್ಡಲ್ಲೇ ಇಡಿ ಅಣ್ಣ. ಬೆಂಕಿ ಹತ್ತಲ್ಲ ಅಂತ ಬರೆದಿದೆ. ನಾನೇ ಓದ್ದೆ.”

“ಇಂಗ್ಲಿಷ್ ಮೇಡಮ್ಮು ಹೇಳಿದ್ಮೇಲೆ ಮುಗೀತು” ಎಂದು ನಗುತ್ತ ಅವನು ಡ್ರಮ್‌ಗಳನ್ನು ಉರುಳಿಸಿಕೊಂಡು ಹೋದ.

ಚಹಾದ ಹೊತ್ತಿಗೆ, ಶಾಲೆಗೂ ವಿರಾಮವಿರುತ್ತದೆಂದು, ಆಕೆ ನಾದಿನಿಗೆ ಫೋನ್ ಮಾಡಿದಳು. “ಪುಟ್ಟಿ, ಇವತ್ತು ಬಂದ ಡ್ರಮ್ಮಿನ ಮೇಲಿನ ಪದ ನಾನೊಬ್ಳೇ ಬಿಡಿಸಿದೆ. ಇನ್‌ಪ್ಲಮೇಬಲ್ಲು.”

“ಅಂಥ ಪದವೇ ಇಲ್ವಲ್ಲ ಅತ್ತಿಗೆ. ಒಂದೊಂದೇ ಅಕ್ಷರ ಹೇಳಿ.”

ಆಕೆ ಹೇಳತೊಡಗಿದಳು. ಆರನೆಯ ಅಕ್ಷರಕ್ಕೇ ಆ ಕಡೆಯ ದನಿ ಬದಲಾಯಿತು.

“ಇನ್‌ಫ್ಲೇಮಬಲ್! ಅತ್ತಿಗೆ, ಅದು ಬೇಗ ಬೆಂಕಿ ಹತ್ತೋದು! ಇಲ್ಲಿ ‘ಇನ್’ಗೆ ಉಲ್ಟಾ ಅರ್ಥ ಇಲ್ಲ. ಎಲ್ಲಿಟ್ಟಿದೀರಿ ಅದನ್ನ?”

ಆಕೆ ಫೋನ್ ಕೈಯಲ್ಲಿದ್ದಂತೆಯೇ ಎದ್ದೆನೋ ಬಿದ್ದೆನೋ ಎಂದು ಅಂಗಳ ದಾಟಿ ಓಡಿದಳು. ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಿದಳು. ಪಕ್ಕದ ಗರಗಸದ ಸದ್ದಿನಲ್ಲಿ ಕೂಗು ಎಲ್ಲಿ ಕೇಳಬೇಕು? ಅಣ್ಣ ಮುಖಕ್ಕೆ ಕವಚ ಇಳಿಸಿಕೊಂಡು ಬಾಗಿದ್ದ. ಅವನಿಂದ ಮೂರು ಮಾರು ದೂರದಲ್ಲಿ ಒಂದು ಡ್ರಮ್ಮಿನ ಮುಚ್ಚಳ ಸಡಿಲಾಗಿ, ನೆಲ ಒದ್ದೆಯಾಗಿತ್ತು. ಹೊರಗೋಡೆಯ ಮೇಲಿದ್ದ ಮೇನ್ ಸ್ವಿಚ್ಚನ್ನು ಆಕೆ ಇನ್ನೊಂದು ಕೈಯಿಂದ ಕೆಳಗೆಳೆದಳು.

ಗರಗಸ ನಿಂತಿತು. ಎಲ್ಲವೂ ನಿಂತಿತು.

“ಯಾರದು ಕರೆಂಟ್ ತೆಗೆದೋರು?” ಅಣ್ಣ ಕವಚ ಎತ್ತಿ ಗದರಿದ. “ಈಗ ಶುರು ಮಾಡ್ಬೇಕು ಅಂತಿದ್ದೆ!”

“ಬೇಡ ಅಣ್ಣ, ಹೊರಗೆ ಬನ್ನಿ! ನಾನು ತಪ್ಪು ಓದಿದೀನಿ. ಅದಕ್ಕೆ ಬೆಂಕಿ ಹತ್ತತ್ತೆ.”

ಅವನು ಒದ್ದೆ ನೆಲ ನೋಡಿದ, ಕೈಯಲ್ಲಿದ್ದ ವೆಲ್ಡಿಂಗ್ ಕಡ್ಡಿ ನೋಡಿದ, ಅದನ್ನು ಕೆಳಗಿಟ್ಟು ಹೊರಬಂದ. ಆಕೆ ಮೆಟ್ಟಿಲ ಮೇಲೆ ಕುಸಿದಾಗ ಫೋನಿನಿಂದ ಸಣ್ಣ ದನಿ ಕೇಳುತ್ತಲೇ ಇತ್ತು. “ಅತ್ತಿಗೆ! ಮಾತಾಡಿ! ಏನಾಯ್ತು?”

“ಏನೂ ಆಗಲಿಲ್ಲ ಪುಟ್ಟಿ” ಎಂದಳು. ಇನ್ನೊಮ್ಮೆ ಹೇಳಿಕೊಂಡಳು. “ಏನೂ ಆಗಲಿಲ್ಲ.” ಆಮೇಲೆ ಅಳು ಬಂತು, ಹಗುರವಾದ ಅಳು.

ನೆಲ ಒರೆಸಿ, ಡ್ರಮ್‌ಗಳನ್ನು ಹಿತ್ತಲಿನ ಗಾಳಿಯಾಡುವ ಕೋಣೆಗೆ ಸಾಗಿಸುವುದರಲ್ಲಿ ಮಧ್ಯಾಹ್ನವಾಯಿತು. ಆಕೆ ತಾನೇ ಮೇಲ್ವಿಚಾರಕರ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅವರು ಬೈದರು, ಚೀಟಿ ಹರಿದ ಸರಕನ್ನು ಕೇಳದೆ ಇಳಿಸಿಕೊಳ್ಳಬಾರದು ಎಂದರು. ಕೊನೆಗೆ, “ಮುಚ್ಚಿಡದೆ ಹೇಳಿದ್ರಲ್ಲ, ಒಳ್ಳೇದಾಯ್ತು. ಹೋಗಿ, ಊಟ ಮಾಡಿ” ಎಂದರು.

ಅಣ್ಣ ಆಗಲೇ ತನ್ನ ಡಬ್ಬಿ ಬಿಚ್ಚಿ, ಪಕ್ಕದಲ್ಲಿ ಅವಳಿಗೂ ಜಾಗ ಬಿಟ್ಟು ಕುಳಿತಿದ್ದ.