ಅವ್ವನ ಗುಳಿಗೆಯ ಹೊತ್ತು

ದೊಡ್ಡವ್ವನ ಹಣೆಗೆ ವಿಭೂತಿ ಹಚ್ಚುತ್ತಿದ್ದ ರೋಹಿಣಿಗೆ ಅಳು ಬರಲಿಲ್ಲ. ಅವ್ವ ಇನ್ನೂ ಗುಳಿಗೆ ತಗೊಂಡಿಲ್ಲ ಎಂಬ ಚಿಂತೆ ಬಂತು. ಇಂಥ ಹೊತ್ತಿನಲ್ಲಿ ಇಂಥ ಚಿಂತೆಯೇ ಎಂದು ತನ್ನನ್ನೇ ಬೈದುಕೊಂಡಳು. ಹೆಣ ಎತ್ತುವವರೆಗೆ ಯರಗುಪ್ಪಿಯ ಈ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಅವ್ವನ ಗುಳಿಗೆಯನ್ನೋ, ಏನಾದರೂ ತಿಂದ ಮೇಲೆಯೇ ನುಂಗಬೇಕು.

ಗೋಡೆಗೆ ಆನಿಸಿ ಕೂಡಿಸಿದ್ದ ದೊಡ್ಡವ್ವ ಸಾವಿತ್ರೆವ್ವನ ಹೆಣದ ಮುಖ ದುಂಡಗೆ ಬಾತಿತ್ತು.

“ಮೆಣಸಿನಕಾಯಿ ಬಿಡಿಸೂದ್ರಾಗ ಈಕಿನ್ನ ಹಿಂದ ಹಾಕಿದಾಕಿ ಯಾರೂ ಇದ್ದಿಲ್ಲ ಬಿಡ್ರಿ,” ಎಂದಳು ಬಾಜು ಮನೆಯ ರಹೀಮಾಬಿ. “ನನ್ನ ಸಾಲು ಅರ್ಧಾ ಆಗೂದ್ರಾಗ ತನ್ನ ಸಾಲು ಮುಗಿಸಿ, ‘ಏನ್ ಬೇ, ಗಿಡಕ್ಕ ಸೀರಿ ಉಡಸಾಕತ್ತೀಯೇನು?’ ಅಂತಿದ್ಲು.”

ಅಳುತ್ತಿದ್ದ ಹೆಂಗಸರೂ ನಕ್ಕರು.

“ಆ ಸುಡುಗಾಡು ಗುಳಿಗಿನ ಆಕಿನ್ನ ತಿಂದ್ವು,” ಎಂದ ದೊಡ್ಡಪ್ಪ ಈರಬಸಪ್ಪ.

*

ಕೆಲ ವರ್ಷಗಳ ಹಿಂದೆ ಬೆಳಗಾದರೆ ಸಾವಿತ್ರೆವ್ವನ ಬೆರಳು ಮಡಚುತ್ತಿರಲಿಲ್ಲ. ಸಂಧಿವಾತಕ್ಕೆ ಡಾಕ್ಟರು ಕೆಲವೇ ವಾರಕ್ಕೆಂದು ಬರೆದ ಸ್ಟಿರಾಯ್ಡ್ ಗುಳಿಗೆಯಿಂದ ಕೈ ಸಡಿಲಾಯಿತು. ಆಮೇಲೆ ಆಕೆ ಡಾಕ್ಟರ ಕಡೆ ಹೋಗಲೇ ಇಲ್ಲ. ಗುಳಿಗೆಯ ಖಾಲಿ ಪಟ್ಟಿ ತೋರಿಸಿ ಅಂಗಡಿಯಿಂದ ಅದನ್ನೇ ತರುತ್ತಿದ್ದಳು. “ಕೈ ಹಿಡಕೊಂಡ್ರ ರೊಟ್ಟಿ ನಿಮ್ಮಪ್ಪ ಬಡೀತಾನೇನು?” ಎಂದು, ಬೇಡವೆಂದವರ ಬಾಯಿ ಮುಚ್ಚಿಸುತ್ತಿದ್ದಳು.

ಈಚೆಗೆ ಗುಳಿಗೆಯಿಂದ ಮುಖ ಬಾತಿದ್ದು ಕಂಡು ದೊಡ್ಡಪ್ಪ ಹೆದರಿ, ಇದ್ದಬದ್ದ ಗುಳಿಗೆಯನ್ನೆಲ್ಲ ತಿಪ್ಪೆಗೆ ಎಸೆದ. ವಾರ ತುಂಬುವುದರೊಳಗೆ ವಾಂತಿ, ನಿಶ್ಶಕ್ತಿ. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ಬಾಗಿಲ ಬಳಿ ನಿಂತಿದ್ದ ರೋಹಿಣಿಗೆ ಮಾತ್ರ: “ವರ್ಷಗಟ್ಟಲೆ ತಗೊಂಡದ್ದನ್ನ ಒಮ್ಮಿಗೇ ನಿಲ್ಲಿಸ್ಯಾರ. ಮೈ ತಡಕೊಳ್ಳಲಿಲ್ಲ. ಸ್ವಲ್ಪ ಸ್ವಲ್ಪ ಇಳಿಸಬೇಕಾಗಿತ್ತು.”

*

ಅವ್ವನಿಗೂ ಈಗ ಅದೇ ಬೇನೆ ಶುರು. ಮುಖ್ಯ ಔಷಧಿ ಕೆಲಸ ಶುರು ಮಾಡುವತನಕ ಮಾತ್ರ ಈ ಸ್ಟಿರಾಯ್ಡ್ ಗುಳಿಗೆ. ಡಾಕ್ಟರು ಹೇಳಿದಂತೆ ಅದರ ಪ್ರಮಾಣ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತ ಬರುತ್ತಿತ್ತು.

ರೋಹಿಣಿ ಎದ್ದು ರಹೀಮಾಬಿಯ ಮನೆಯಿಂದ ಬಾಳೆಹಣ್ಣು ತಂದಳು. ಸುಲಿದು ಅವ್ವನ ಕೈಗಿಟ್ಟು, ಸೆರಗಿನ ಮರೆಯಲ್ಲಿ ಗುಳಿಗೆ ತೆಗೆದಳು.

“ಏನ್ ಮಾಡಾಕತ್ತೀ ಬೇ? ಹೆಣ ಇನ್ನೂ ಒಳಗೈತಿ!” ಈರಬಸಪ್ಪ ಗುಳಿಗೆ ಕಸಿದುಕೊಂಡ. “ಇದನ್ನೂ ತಿಪ್ಪಿಗೆ ಒಗೀತೀನಿ. ನಿಮ್ಮವ್ವನ್ನರ ಉಳಿಸ್ಕೊ, ತಂಗಿ.”

ಅಂಗಳದಲ್ಲಿ ಹಾಡುತ್ತಿದ್ದ ಭಜನೆಯವರ ತಾಳ ನಿಂತಿತು. ದೊಡ್ಡಪ್ಪನೆದುರು ಎಂದೂ ತಲೆ ಎತ್ತದ ರೋಹಿಣಿ ಅಂಗೈ ಚಾಚಿದಳು.

“ಕೊಡ್ರಿ ದೊಡ್ಡಪ್ಪಾ.”

“ನಾ ಕೊಡೂದಿಲ್ಲ.”

“ದೊಡ್ಡವ್ವ ಗುಳಿಗಿ ತಿಂದು ಸತ್ತಿಲ್ಲರಿ. ಒಮ್ಮಿಗೇ ಬಿಟ್ಟು ಸತ್ತಾಳ.”

ಎಲ್ಲರೆದುರು ಅವ್ವ ಹಣ್ಣು ಕಚ್ಚಿದಳು.